ಸೇತುಬಂಧ ಪಾಠಕ್ಕೆ ಮಾತ್ರ ಸಾಕೇ?

ಮೃಗಶಿರ ಮಳೆ ಹಿಡಿದ ಬೆಳಗ್ಗೆ ಮೂಡಿಗೆರೆಯ ಹ್ಯಾಂಡ್‌ಪೋಸ್ಟಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ನಮ್ಮ ಕಡೆ ಶಾಲೆ ಹೇಗೆ ಶುರುವಾಗುತ್ತದೆ ಎಂಬುದು ಕಾಣುತ್ತದೆ. ಹೊಸ ಯೂನಿಫಾರ್ಮು ಮೊಣಕಾಲಿನವರೆಗೆ ತೊಯ್ದಿರುತ್ತದೆ. ಬ್ಯಾಗಿಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡ ಹುಡುಗಿಯರು ಗೋಡೆಗೆ ಒತ್ತಿಕೊಂಡು ನಿಂತಿರುತ್ತಾರೆ. ತೋಟದ ದಾರಿಯಲ್ಲಿ ಎರಡು ಮೂರು ಕಿಲೋಮೀಟರ್ ನಡೆದು ಬಂದ ಹುಡುಗ ಸಾಕ್ಸ್ ಕೆಳಗಿಳಿಸಿ ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಕೀಳುತ್ತಿರುತ್ತಾನೆ. ಬಸ್ಸು ಬಂದರೆ ಬಾಗಿಲವರೆಗೂ ಜನ. ಒಮ್ಮೊಮ್ಮೆ ನಿಲ್ಲುವುದೇ ಇಲ್ಲ. ಮುಂದಿನ ಬಸ್ಸಿಗೆ ಹತ್ತಿದವನು ಪ್ರಾರ್ಥನೆ ಮುಗಿದ ಮೇಲೆ ಗೇಟಿನ ಹತ್ತಿರ ತಲೆ ತಗ್ಗಿಸಿ ನಿಲ್ಲುತ್ತಾನೆ. ಅವತ್ತು ಶಾಲೆಯಲ್ಲಿ ಅವನ ಕಿವಿಗೆ ಬೀಳುವ ಮೊದಲ ಮಾತು ಬೈಗುಳ.

ನಾನೂ ಹಾಗೆ ಬೈದಿದ್ದೇನೆ. ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ, ಎಂಟನೇ ತರಗತಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಮೂರು ವಾರದಲ್ಲಿ ಒಂಬತ್ತು ದಿನ ತಡವಾಗಿ ಬಂದಿದ್ದ. ಆಮೇಲೆ ಬರುವುದನ್ನೇ ನಿಲ್ಲಿಸಿದ. ಅವನ ಮನೆ ಹುಡುಕಿಕೊಂಡು ಹೋದಾಗ ತೋಟದ ಕೂಲಿಕಾರರ ಲೈನ್ ಮನೆಯ ಜಗಲಿಯಲ್ಲಿ ಕೂತಿದ್ದ ತಾಯಿ, “ಬೆಳಗಾದ್ರೆ ಹೊಟ್ಟೆ ನೋವು ಅಂತಾನೆ ಮೇಷ್ಟ್ರೇ. ಹತ್ತು ಗಂಟೆ ದಾಟಿದ್ರೆ ಏನೂ ಇರಲ್ಲ” ಅಂದರು. ಹತ್ತು ಗಂಟೆಗೆ ನಮ್ಮ ಶಾಲೆಯ ಗೇಟು ಮುಚ್ಚುತ್ತಿತ್ತು. ಹೊಟ್ಟೆ ನೋವು ಸುಳ್ಳಲ್ಲ, ಅದು ಗಡಿಯಾರ ನೋಡಿಕೊಂಡು ಬರುತ್ತಿತ್ತು ಎಂದು ಆ ದಿನ ನನಗೆ ಅರ್ಥವಾಯಿತು. ಈ ವಯಸ್ಸಿನ ಮಕ್ಕಳ ಮನಸ್ಸಿನ ಕಷ್ಟ ಮೊದಲು ಮೈಯಲ್ಲೇ ಮಾತಾಡುತ್ತದೆ: ಹೊಟ್ಟೆ ನೋವು, ತಲೆ ನೋವು, ವಾಕರಿಕೆ, ನಿದ್ದೆ ಬಾರದಿರುವುದು. “ನನಗೆ ಆತಂಕ ಆಗ್ತಿದೆ” ಎಂದು ಬಾಯಿಬಿಟ್ಟು ಹೇಳುವ ಹದಿಮೂರರ ಹುಡುಗನನ್ನು ನಾನು ಇನ್ನೂ ಕಂಡಿಲ್ಲ.

ನಮ್ಮ ರಾಜ್ಯದ ಶಾಲೆಗಳಲ್ಲಿ ವರ್ಷದ ಆರಂಭಕ್ಕೆ ಸೇತುಬಂಧ ಎಂಬ ಒಳ್ಳೆಯ ಪದ್ಧತಿಯಿದೆ. ಪ್ರಾರಂಭೋತ್ಸವದ ಸಿಹಿ ಹಂಚಿ ಮುಗಿದ ಮೇಲೆ ನೇರವಾಗಿ ಹೊಸ ಪಾಠಕ್ಕೆ ಇಳಿಯುವುದಿಲ್ಲ. ಹಿಂದಿನ ತರಗತಿಯಲ್ಲಿ ಮಗು ಏನು ಕಲಿತಿದೆ, ಏನು ಬಿಟ್ಟಿದೆ ಎಂದು ತಿಳಿಯಲು ನೈದಾನಿಕ ಪರೀಕ್ಷೆ, ಬಿಟ್ಟಿದ್ದಕ್ಕೆ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಯೋಚಿಸಿದಷ್ಟೂ ಇದರ ಹಿಂದಿನ ತಿಳಿವಳಿಕೆಗೆ ಗೌರವ ಹೆಚ್ಚುತ್ತದೆ: ಬೇಸಿಗೆ ರಜೆಯ ಏಳು ವಾರದಲ್ಲಿ ಮಗು ಇದ್ದಲ್ಲೇ ಇರುವುದಿಲ್ಲ, ಅದನ್ನು ಅದು ನಿಂತಿರುವ ಜಾಗದಿಂದಲೇ ಕರೆದುಕೊಂಡು ಬರಬೇಕು. ಆದರೆ ನಾವು ಅಳೆಯುವುದು ಭಿನ್ನರಾಶಿ, ವಿಭಕ್ತಿ ಪ್ರತ್ಯಯ, ಇಂಗ್ಲಿಷ್ ಸ್ಪೆಲ್ಲಿಂಗು ಮಾತ್ರ. ಆ ಏಳು ವಾರದಲ್ಲಿ ನಿದ್ದೆ ಎಲ್ಲಿಗೆ ಹೋಯಿತು, ಗೆಳೆಯ ಯಾವ ಶಾಲೆಗೆ ಸೇರಿದ, ಮನೆಯಲ್ಲಿ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಮಕ್ಕಳ ಮನಸ್ಸಿನ ವಿಷಯ ನಮಗೆ ನೆನಪಾಗುವುದು ಫೆಬ್ರವರಿಯಲ್ಲಿ, ಪರೀಕ್ಷೆ ಹತ್ತಿರ ಬಂದಾಗ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಈ ಕೆಲಸವನ್ನು ಜೂನ್‌ಗೆ ತರಬೇಕು, ಸೇತುಬಂಧದ ಒಳಗೇ ತರಬೇಕು ಎನ್ನುವುದು ನನ್ನ ವಾದ.

ಜೂನ್ ಯಾಕೆ ಮುಖ್ಯ ಎಂದರೆ ನಮ್ಮ ಶಿಕ್ಷಣದ ಏಣಿ ಎರಡು ಕಡೆ ಕಡಿದಿದೆ. ಊರ ಹಿರಿಯ ಪ್ರಾಥಮಿಕ ಶಾಲೆ ಬಹುತೇಕ ಕಡೆ ಏಳನೇ ತರಗತಿಗೆ ಮುಗಿಯುತ್ತದೆ. ಎಂಟಕ್ಕೆ ಮಗು ಹೋಬಳಿ ಕೇಂದ್ರದ ಪ್ರೌಢಶಾಲೆಗೆ ಹೋಗಬೇಕು. ಹತ್ತು ಮುಗಿದರೆ ಮತ್ತೆ ಗಂಟು ಕಟ್ಟಿ ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದ ಪಿಯು ಕಾಲೇಜಿಗೆ. ಒಂದು ಕಡಿತ ಬೀಳುವುದು ಹದಿಮೂರರಲ್ಲಿ, ಇನ್ನೊಂದು ಹದಿನಾರರಲ್ಲಿ. ದನಿ ಒಡೆಯುವ, ಮೈ ಬದಲಾಗುವ, ಕನ್ನಡಿಯ ಮುಂದೆ ಹೊತ್ತು ಹೋಗುವ, ಅಪ್ಪ ಅಮ್ಮನಿಗಿಂತ ಓರಗೆಯವರ ಮಾತು ದೊಡ್ಡದಾಗುವ ವಯಸ್ಸುಗಳಿವು. ಕೇಂದ್ರ ಸರ್ಕಾರದ ಶಿಕ್ಷಣ ಸಂಶೋಧನಾ ಮಂಡಳಿಯಾದ ಎನ್‌ಸಿಇಆರ್‌ಟಿ 2022ರಲ್ಲಿ ದೇಶದಾದ್ಯಂತ ಆರರಿಂದ ಹನ್ನೆರಡನೇ ತರಗತಿವರೆಗಿನ ಮೂರೂಮುಕ್ಕಾಲು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಮಾತಾಡಿಸಿದಾಗ, ಓದು, ಪರೀಕ್ಷೆ, ಫಲಿತಾಂಶ ಇವೇ ಆತಂಕಕ್ಕೆ ಕಾರಣ ಎಂದವರು ಶೇ. 81. ಪತ್ರಿಕೆಗಳು ಈ ಅಂಕಿಯನ್ನೇ ಎತ್ತಿ ಹಿಡಿದವು. ಅದೇ ಸಮೀಕ್ಷೆ ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಮಾಧ್ಯಮಿಕದಿಂದ ಪ್ರೌಢ ಹಂತಕ್ಕೆ ದಾಟುವಾಗ ಮಕ್ಕಳಿಗೆ ತಮ್ಮ ಬದುಕಿನ ಬಗೆಗೂ ಶಾಲೆಯ ಬಗೆಗೂ ಇದ್ದ ತೃಪ್ತಿ ಇಳಿಯುತ್ತದೆ.

ಹೊಟ್ಟೆ ನೋವಿನ ಹುಡುಗ ಮೊದಲು ಓದುತ್ತಿದ್ದ ಶಾಲೆಯಲ್ಲಿ ಹದಿನೆಂಟು ಮಕ್ಕಳಿದ್ದರು. ಅಲ್ಲಿ ಗಂಟೆ ಹೊಡೆಯುತ್ತಿದ್ದವನು ಅವನು. ಚಿಕ್ಕ ಮಕ್ಕಳನ್ನು ಹಳ್ಳ ದಾಟಿಸುತ್ತಿದ್ದವನೂ ಅವನೇ. ನಮ್ಮಲ್ಲಿಗೆ ಬಂದ ಮೇಲೆ ಅವನು ಕೊನೆಯ ಬೆಂಚಿನ, ಹೆಸರು ನೆನಪಿಗೆ ಬಾರದ, ತಡವಾಗಿ ಬರುವ ಹುಡುಗನಾದ. ಬಸ್ಸು ತಪ್ಪಿದ್ದಕ್ಕಿಂತ ದೊಡ್ಡ ನಷ್ಟ ಅದು. ಅದನ್ನು ತುಂಬಲು ಯಾವ ಪಠ್ಯಪುಸ್ತಕದಲ್ಲೂ ಪರಿಹಾರ ಬೋಧನೆ ಇಲ್ಲ.

ಮೊದಲು ನಿದ್ದೆಯ ಮಾತು. ಇದನ್ನು ನಾವೆಲ್ಲ ಶಿಸ್ತಿನ ವಿಷಯ ಎಂದುಕೊಂಡಿದ್ದೇವೆ, ಅದು ದೇಹದ ವಿಷಯ. ಕತ್ತಲಾದ ಮೇಲೆ ಮೆದುಳಿನಲ್ಲಿ ಮೆಲಟೋನಿನ್ ಎಂಬ ರಸ ಏರತೊಡಗಿದಾಗ ನಿದ್ದೆ ತೂಗುತ್ತದೆ. ಮೈನೆರೆಯುವ ವಯಸ್ಸಿನಲ್ಲಿ ಈ ಏರಿಕೆ ಒಂದೆರಡು ಗಂಟೆ ತಡವಾಗುತ್ತದೆ. ಚಿಕ್ಕವನಿದ್ದಾಗ ಒಂಬತ್ತಕ್ಕೇ ಮಲಗುತ್ತಿದ್ದವನಿಗೆ ಹನ್ನೊಂದಾದರೂ ಕಣ್ಣಿಗೆ ನಿದ್ದೆ ಹತ್ತದಿರುವುದು ಇದರಿಂದಲೇ. ಹದಿಮೂರರಿಂದ ಹದಿನೆಂಟರವರೆಗಿನ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎಂಬುದು ನಿದ್ರಾ ತಜ್ಞರ ಶಿಫಾರಸು. ಏಳು ಗಂಟೆ ಬಸ್ಸಿಗೆ ಐದೂವರೆಗೆ ಏಳುವ ಮಗುವಿಗೆ ಅದು ಎಲ್ಲಿಂದ ಸಿಗಬೇಕು? ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ 2014ರಲ್ಲೇ ಪ್ರೌಢ ಹಂತದ ಶಾಲೆಗಳು ಬೆಳಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದು ಎಂದು ಹೇಳಿತು. ನಮ್ಮ ಸರ್ಕಾರಿ ಶಾಲೆಯ ಗಂಟೆ ಆ ಲೆಕ್ಕಕ್ಕೆ ಸರಿಯಾಗಿಯೇ ಇದೆ, ತಪ್ಪಿರುವುದು ಬಸ್ಸಿನ ವೇಳೆ ಮತ್ತು ಬೆಳಗಿನ ಟ್ಯೂಷನ್ನು.

ರಜೆಯಲ್ಲಿ ಮೊಬೈಲು ಹಿಡಿದು ಒಂದು ಗಂಟೆ ರಾತ್ರಿಯವರೆಗೆ ಎದ್ದಿದ್ದ ಮಗುವಿಗೆ ಜೂನ್ ಮೊದಲ ವಾರ ಇನ್ನೂ ಕಷ್ಟ. ಒಂದೇ ದಿನದಲ್ಲಿ ಮೂರು ಗಂಟೆ ಹಿಂದಕ್ಕೆ ಬಾ ಎಂದರೆ ಮೈ ಬರುವುದಿಲ್ಲ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷದಂತೆ ಹಿಂದಕ್ಕೆ ತರಬೇಕು. ಅದಕ್ಕೆ ಮೇ ಮೂರನೇ ವಾರದಿಂದಲೇ ಕೈಹಾಕಬೇಕು. ಮಲೆನಾಡಿನ ಮಳೆಗಾಲಕ್ಕೆ ಇನ್ನೊಂದು ತೊಡಕಿದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗಲೇ ಒಳಗಿನ ಗಡಿಯಾರ ಸರಿಹೋಗುವುದು, ನಮ್ಮ ಮಕ್ಕಳು ಆ ಹೊತ್ತಿನಲ್ಲಿ ಬಾಗಿಲು ಹಾಕಿದ ಮನೆಯೊಳಗೆ ಬಚ್ಚಲೊಲೆಯ ಮುಂದೆ ಕೂತಿರುತ್ತಾರೆ. ಮೋಡ ಮುಸುಕಿದ ದಿನವೂ ಹೊರಗಿನ ಬೆಳಕು ಮನೆಯ ಬಲ್ಬಿಗಿಂತ ಹಲವು ಪಟ್ಟು ಹೆಚ್ಚು. ಕಾಫಿ ಲೋಟ ಹಿಡಿದು ಹತ್ತು ನಿಮಿಷ ಜಗಲಿಯಲ್ಲಿ ಕೂತರೂ ಉಪಯೋಗವಿದೆ.

ಕಾಫಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ, ಕಾಫಿ ಬೆಳೆಯುವ ಊರಿನವರಿಗೆ ಕಹಿಯಾದರೂ ಸರಿ. ಸಂಜೆ ಐದಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ತಿಂಡಿ ಊಟದ ಜೊತೆಗೇ ಕುಡಿದ ಕಾಫಿ ಟೀ, ಸೊಪ್ಪು ಕಾಳಿನ ಕಬ್ಬಿಣದ ಅಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ. ತರಗತಿಯಲ್ಲಿ ಅದು ಕಾಣುವುದು ಹೇಗೆಂದರೆ, ಎರಡನೇ ಪೀರಿಯಡ್ಡಿಗೇ ಡೆಸ್ಕಿನ ಮೇಲೆ ತಲೆಯಿಟ್ಟ ಹುಡುಗಿ, ಮೆಟ್ಟಿಲು ಹತ್ತಿದರೆ ಏದುಸಿರು, ಸಣ್ಣ ಮಾತಿಗೆ ಸಿಟ್ಟು, ಅಳು. ನಾವು ಅದಕ್ಕೆ ಸೋಮಾರಿತನ ಎಂದು ಹೆಸರಿಡುತ್ತೇವೆ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದಂಶವಿದೆ; ಅದನ್ನು ಬಿಸಿಯೂಟದ ನಂತರ, ನಮ್ಮ ಕಣ್ಣೆದುರೇ ನುಂಗಿಸಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡಿಕೊಂಡ ಒಬ್ಬಳನ್ನು ಕಂಡರೆ ಮುಂದಿನ ವಾರ ಇಡೀ ತರಗತಿ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುತ್ತದೆ. ಬಿಸಿಯೂಟ, ವಾರದಲ್ಲಿ ಆರು ದಿನ ಮೊಟ್ಟೆ ಅಥವಾ ಅದರ ಬದಲಿಗೆ ಬಾಳೆಹಣ್ಣು, ಇವೆಲ್ಲ ಹತ್ತನೇ ತರಗತಿಯವರೆಗೆ ಇರುವ ಆಸರೆ. ಪಿಯು ಮೆಟ್ಟಿಲು ಹತ್ತಿದ ಕೂಡಲೇ ಬುತ್ತಿ ಕಟ್ಟಿಕೊಡುವವರಿಲ್ಲದ ಮಕ್ಕಳು ಮಧ್ಯಾಹ್ನ ಬಿಸ್ಕತ್ತಿನಲ್ಲಿ ಕಳೆಯುವುದನ್ನು ಹಾಸನದ ಬಸ್ ನಿಲ್ದಾಣದಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಹಾಸನದ ಕಥೆ ಸ್ವಲ್ಪ ಬೇರೆ. 2019ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆ ಅದು. ಆ ಸಾಧನೆಯ ಹಿಂದೆ ಶಿಕ್ಷಕರ ಅಪಾರ ದುಡಿಮೆಯಿದೆ, ಅದಕ್ಕೆ ಕೈಮುಗಿಯುತ್ತೇನೆ. ಪರೀಕ್ಷೆ ಸಮೀಪಿಸಿದಾಗ ಬೆಳಗ್ಗೆ ಐದಕ್ಕೆ ಮಕ್ಕಳಿಗೆ ಫೋನು ಮಾಡಿ ಎಬ್ಬಿಸುವ, ಸಂಜೆ ಮನೆಮನೆಗೆ ಹೋಗಿ ಓದುತ್ತಿದ್ದಾರೋ ಇಲ್ಲವೋ ನೋಡುವ ಮೇಷ್ಟ್ರುಗಳು ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿದ್ದಾರೆ. ಅದೇ ಕಾಳಜಿ ಎಂಟು ತಿಂಗಳು ಮೊದಲೇ ಬಂದಿದ್ದರೆ ಆ ಐದು ಗಂಟೆಯ ಫೋನು ಬೇಕಾಗುತ್ತಿತ್ತೇ ಎಂಬುದು ನನ್ನ ಪ್ರಶ್ನೆ. ಜೂನ್‌ನಲ್ಲಿ ಒಮ್ಮೆ ಆ ಮನೆಗೆ ಹೋದವರಿಗೆ, ಮಗು ಓದಲು ಕೂರುವ ಜಾಗವೇ ಇಲ್ಲ, ತಂದೆ ದಿನಾ ಕುಡಿದು ಬರುತ್ತಾನೆ, ಹಿಂದಿನ ರಾತ್ರಿ ಕಾಡಾನೆ ಅಂಗಳಕ್ಕೆ ಬಂದಿತ್ತು ಎಂಬುದೆಲ್ಲ ಕಾಣುತ್ತದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ತೋಟದ ನಡುವಿನ ಮನೆಗಳಲ್ಲಿ ಆನೆ ಬಂದ ರಾತ್ರಿ ಯಾರೂ ಮಲಗುವುದಿಲ್ಲ. ಮರುದಿನ ಆ ಮಗು ಗಣಿತದ ಪೀರಿಯಡ್ಡಿನಲ್ಲಿ ತೂಕಡಿಸಿದರೆ ಕಾರಣ ಕೇಳಬೇಕೇ ಹೊರತು ಎದ್ದು ನಿಲ್ಲಿಸಬಾರದು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ 2010ರಿಂದಲೇ ನಿಷೇಧಿಸಿದೆ.

ಹಾಸನದ ಪಿಯು ಹಾಸ್ಟೆಲುಗಳ ವಿಷಯಕ್ಕೆ ಬಂದರೆ ನನಗೆ ಹೆಚ್ಚು ಭಯವಿದೆ. ನೀಟ್, ಜೆಇಇ ಹೆಸರಿನಲ್ಲಿ ಸೇರಿಸಿದ ಮಕ್ಕಳನ್ನು ಮೊದಲ ಟೆಸ್ಟಿನ ಅಂಕ ನೋಡಿ ಎ, ಬಿ, ಸಿ ಎಂದು ಬೇರೆ ಬೇರೆ ಕೊಠಡಿಗೆ ಹಾಕುವ ರೂಢಿ ಹಲವು ಕಡೆ ಇದೆ. ಕನ್ನಡ ಮಾಧ್ಯಮದಲ್ಲಿ ತೊಂಬತ್ತು ಅಂಕ ತೆಗೆದು, ಊರಲ್ಲಿ ಫ್ಲೆಕ್ಸ್ ಹಾಕಿಸಿಕೊಂಡು ಬಂದ ಹುಡುಗಿ ಇಂಗ್ಲಿಷಿನ ಭೌತಶಾಸ್ತ್ರದ ಮುಂದೆ ಮೂಕಿಯಾಗುತ್ತಾಳೆ. “ಅರ್ಥ ಆಗ್ತಿಲ್ಲ ಸಾರ್” ಎನ್ನಲು ನಾಚಿಕೆ. ಮನೆಗೆ ಫೋನು ಮಾಡಿ ಹೇಳಲು ಇನ್ನೂ ನಾಚಿಕೆ, ಫೀಸಿಗೆ ಅಪ್ಪ ಸಾಲ ಮಾಡಿದ್ದಾನೆಂದು ಅವಳಿಗೆ ಗೊತ್ತು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಕೊಟ್ಟ ತೀರ್ಪು ಇಂಥ ಮಕ್ಕಳಿಗಾಗಿಯೇ ಬಂದಂತಿದೆ. ಅಂಕದ ಮೇಲೆ ಬ್ಯಾಚು ಬೇರೆ ಮಾಡಬಾರದು, ಎಲ್ಲರೆದುರು ಅವಮಾನಿಸಬಾರದು, ಶಕ್ತಿ ಮೀರಿದ ಗುರಿ ಹೇರಬಾರದು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ತರಬೇತಾದ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಇಟ್ಟುಕೊಳ್ಳಬೇಕು. ಸಹಾಯವಾಣಿಯ ಸಂಖ್ಯೆ ತರಗತಿ, ಹಾಸ್ಟೆಲುಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕು. ಪ್ರವೇಶಕ್ಕೆಂದು ಕಾಲೇಜು ನೋಡಲು ಹೋದ ತಂದೆ ತಾಯಂದಿರು ಕಳೆದ ವರ್ಷದ ರ‍್ಯಾಂಕ್ ಕೇಳುವ ಜೊತೆಗೆ, “ನಿಮ್ಮ ಕೌನ್ಸೆಲರ್ ಎಲ್ಲಿ ಕೂರುತ್ತಾರೆ, ಒಂದ್ಸಲ ತೋರಿಸಿ” ಎಂದು ಕೇಳಲಿ. ಅದು ಅವರ ಹಕ್ಕು.

ನಮ್ಮ ಮಲೆನಾಡಿನ ತೊಂದರೆಯೆಂದರೆ ಆ ನೂರರ ಗೆರೆ. ಕೊಪ್ಪ, ಶೃಂಗೇರಿ, ಕಳಸದ ಕಡೆ ನೂರು ತಲುಪದ ಪ್ರೌಢಶಾಲೆಗಳು ಅಪರೂಪವಲ್ಲ. ಅಂಥವು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು ಎಂದಷ್ಟೇ ತೀರ್ಪು ಹೇಳುತ್ತದೆ. ಕಾಗದದ ಮೇಲೆ ಒಂದು ಫೋನ್ ನಂಬರ್ ಬರೆದರೆ ಸಂಪರ್ಕ ಆಗುವುದಿಲ್ಲ. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿಗೊಬ್ಬ ಸಮಾಲೋಚಕರು, ವಾರಕ್ಕೊಂದು ದಿನ, ಜೂನ್‌ನಿಂದಲೇ, ಒಂದೊಂದು ಶಾಲೆಯಲ್ಲಿ ಕೂರುವಂತಾದರೆ ಮಾತ್ರ ಅದು ಕೆಲಸಕ್ಕೆ ಬರುವ ವ್ಯವಸ್ಥೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆಗಳಿದ್ದವು. ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು ಎಂದಾಯಿತು. ನಾಲ್ವರಲ್ಲಿ ಒಬ್ಬರ ಹೆಸರೂ ತರಗತಿ ಶಿಕ್ಷಕರಿಗೆ ಗೊತ್ತಿಲ್ಲವೆಂದರೆ ಯಾವ ತೀರ್ಪಿಂದಲೂ ಉಪಯೋಗವಿಲ್ಲ.

ಭಯ ಎನ್ನುವುದು ಮಕ್ಕಳಿಗೆ ಹೇಗೆ ಅಂಟುತ್ತದೆ ಎಂದು ಹಾಸನದವರು 2025ರ ಮಳೆಗಾಲದಲ್ಲಿ ನೋಡಿದ್ದಾರೆ. ಶಾಲೆ ಶುರುವಾದ ಹೊತ್ತಿಗೇ ಜಿಲ್ಲೆಯಲ್ಲಿ ಹಠಾತ್ ಹೃದಯಾಘಾತದ ಸಾವುಗಳ ಸುದ್ದಿ ದಿನಕ್ಕೊಂದರಂತೆ ಬಂತು, ವಾಟ್ಸ್ಆ್ಯಪ್ ಅದನ್ನು ಮನೆಮನೆಗೆ ಮುಟ್ಟಿಸಿತು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಅಸಹಜ ಏರಿಕೆ ಇಲ್ಲ ಎಂದು ಜುಲೈನಲ್ಲಿ ವರದಿ ಬಂತು. ಸುದ್ದಿ ಹರಡಿದಷ್ಟು ಬೇಗ ವರದಿ ಹರಡಲಿಲ್ಲ. ಆತಂಕವಾದಾಗಲೂ ಎದೆ ಡವಗುಟ್ಟುತ್ತದೆ, ಕೈ ಬೆವರುತ್ತದೆ, ಉಸಿರು ಸಿಕ್ಕಿಕೊಂಡಂತಾಗುತ್ತದೆ. ಹದಿನಾಲ್ಕರ ಮಗು ಅದನ್ನೇ ಹೃದಯಾಘಾತ ಅಂದುಕೊಂಡು ಇನ್ನಷ್ಟು ಹೆದರುತ್ತದೆ. ಇಂಥ ಹೊತ್ತಿನಲ್ಲಿ ವಿಜ್ಞಾನ ಮೇಷ್ಟ್ರು ಒಂದು ಪೀರಿಯಡ್ ಪಾಠ ಬದಿಗಿಟ್ಟು, ಹೃದಯ ಯಾಕೆ ಜೋರಾಗಿ ಬಡಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಅದೇ ಔಷಧಿ.

ಮನೆಯವರಿಗೆ ಹೇಳುವುದು ಕಡಿಮೆ. ಸಂಜೆ ಬಾಗಿಲಲ್ಲೇ “ಏನ್ಲಾ, ಇವತ್ತು ಏನ್ ಓದ್ಸಿದ್ರು?” ಎಂದು ಕೇಳುವ ಬದಲು ಕಾಲು ಒರೆಸಲು ಬಟ್ಟೆ ಕೊಟ್ಟು, ತಿನ್ನಲು ಏನಾದರೂ ಇಟ್ಟು ಸುಮ್ಮನೆ ಪಕ್ಕದಲ್ಲಿರಿ. ಈ ವಯಸ್ಸಿನವರು ಎದುರಿಗೆ ಕೂರಿಸಿಕೊಂಡು ಕೇಳಿದರೆ ಬಾಯಿ ಬಿಡುವುದಿಲ್ಲ. ಬಟಾಣಿ ಸುಲಿಯುವಾಗ, ಬೈಕಿನ ಹಿಂದೆ ಕೂತಾಗ, ದನ ಕಟ್ಟುವಾಗ, ಮುಖ ನೋಡಬೇಕಿಲ್ಲದ ಹೊತ್ತಿನಲ್ಲಿ ತಾವಾಗಿ ಹೇಳುತ್ತಾರೆ. ಹೇಳಿದ ಕೂಡಲೇ ಬುದ್ಧಿವಾದ ಶುರುಮಾಡಬೇಡಿ. “ಹೂಂ, ಆಮೇಲೆ?” ಇಷ್ಟು ಸಾಕು.

ಹೊಸ ಶಾಲೆಯ ಮೊದಲ ಒಂದೆರಡು ವಾರದ ಮಂಕು ಸಹಜ, ಅದು ತಾನೇ ಇಳಿಯುತ್ತದೆ. ಎರಡು ವಾರ ದಾಟಿದರೂ ಊಟ ನಿದ್ದೆ ಕೆಟ್ಟೇ ಇದ್ದರೆ, ಇಷ್ಟದ ಆಟ ಗೆಳೆಯರಿಂದ ದೂರವಾದರೆ, ಶಾಲೆಗೆ ಹೋಗುವುದೇ ಬೇಡವೆಂದರೆ ಕಾಯಬಾರದು. ತಾನು ಇರಬಾರದಿತ್ತು, ಸಾಯಬೇಕು ಎಂಬಂಥ ಮಾತು ಒಮ್ಮೆ ಬಂದರೂ ಅದೇ ದಿನ ಹೊರಡಬೇಕು, ಆ ಮಗುವನ್ನು ಒಂಟಿಯಾಗಿ ಬಿಡಬಾರದು. “ಸಾಯಬೇಕು ಅನಿಸ್ತಿದೆಯಾ ಕಂದ?” ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬುತ್ತದೆ ಎಂದು ಹೆದರಬೇಡಿ, ಕೇಳಿದರೆ ಭಾರ ಇಳಿಯುತ್ತದೆ ಎಂದೇ ಮನೋವೈದ್ಯರು ಹೇಳುತ್ತಾರೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 2022ರ ಅಕ್ಟೋಬರ್ 10ರಿಂದ ಇದು ನಡೆಯುತ್ತಿದೆ. ಮನೆಯಲ್ಲೇ, ಶಾಲೆಯಲ್ಲೇ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ವ್ಯವಸ್ಥೆ 2014ರಲ್ಲಿ ಆರಂಭವಾಯಿತು, ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಇರುವುದೇ ಹದಿಹರೆಯದವರಿಗಾಗಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ, ವೇಳೆ ತಿಳಿಯುತ್ತದೆ. ದೇವರಿಗೆ ಹರಕೆ ಕಟ್ಟಿಕೊಂಡರೆ ಕಟ್ಟಿಕೊಳ್ಳಿ, ಆಸ್ಪತ್ರೆಗೂ ಹೋಗಿ.

ಆ ಹುಡುಗನ ಮನೆಯಿಂದ ಬಂದ ಮೇಲೆ ಮುಂದಿನ ವರ್ಷದ ಸೇತುಬಂಧದಲ್ಲಿ ನಾವು ಒಂದು ಹಾಳೆ ಸೇರಿಸಿದೆವು. ಅಂಕವಿಲ್ಲದ ಐದು ಪ್ರಶ್ನೆ: ಎಷ್ಟು ಗಂಟೆಗೆ ಎದ್ದೆ, ಏನು ತಿಂದು ಬಂದೆ, ಯಾವ ಬಸ್ಸು, ಪಕ್ಕದಲ್ಲಿ ಯಾರು ಕೂತರೆ ಇಷ್ಟ, ಕಷ್ಟ ಬಂದರೆ ಈ ಶಾಲೆಯಲ್ಲಿ ಯಾರ ಹತ್ತಿರ ಹೇಳುತ್ತೀಯ. ಮೂರನೇ ಉತ್ತರಗಳನ್ನು ಒಟ್ಟುಮಾಡಿ ಬಸ್ಸಿನ ವೇಳೆ ಬದಲಿಸಲು ಡಿಪೊಗೆ ಅರ್ಜಿ ಬರೆದೆವು; ಅದು ಆಗುವವರೆಗೆ ಆ ಬಸ್ಸಿನ ಮಕ್ಕಳಿಗೆ ಹತ್ತೂಕಾಲಿನವರೆಗೆ ಗೇಟು ತೆರೆದಿಟ್ಟೆವು. ಐದನೇ ಪ್ರಶ್ನೆಯನ್ನು ನಲವತ್ತೆರಡು ಮಕ್ಕಳಲ್ಲಿ ಹನ್ನೊಂದು ಮಂದಿ ಖಾಲಿ ಬಿಟ್ಟಿದ್ದರು. ಆ ಹನ್ನೊಂದು ಹೆಸರನ್ನು ಸ್ಟಾಫ್ ರೂಮಿನಲ್ಲಿ ನಾವು ನಾಲ್ವರು ಹಂಚಿಕೊಂಡೆವು. ನನ್ನ ಪಾಲಿಗೆ ಮೂವರು ಬಂದರು.